ಚಂದಾದೊಳಗಿನ ಚಂದಾ

ನಮ್ಮೂರಿನಲ್ಲಿ ಮನೆಗಳು ಜಾಗ ಬದಲಿಸುತ್ತವೆ. ಅದು ಯಾರಿಗೂ ತಲೆನೋವಲ್ಲ. ತಲೆನೋವು ಏನಿದ್ದರೂ ಮೃತ್ಯುಂಜಯ ಸರ್ ಬರೆದಿಟ್ಟ ಪ್ರೋಗ್ರಾಮಿನದು, ಅದನ್ನು ಹೊತ್ತು ತಿರುಗುವ ಹಣೆಬರಹ ನನ್ನದು.

ಮನೆ ಸರಿಯುವುದಕ್ಕೆ ಇಂಥದೇ ಹೊತ್ತು ಅಂತಿಲ್ಲ, ಸದ್ದೂ ಇಲ್ಲ. ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಕಡೆ ತಿರುಗಿದರೆ ಎದುರಿಗಿದ್ದ ಹಿಟ್ಟಿನ ಗಿರಣಿ ಹೋಗಿ ಕೆರೆ ಏರಿ ಬಂದಿರುತ್ತದೆ. ಹಾಲು ಉಕ್ಕುವುದಕ್ಕೆ ಇನ್ನೂ ಹೊತ್ತಿರುತ್ತದೆ. ಅಂಗಡಿ, ಶಾಲೆ, ಆಸ್ಪತ್ರೆ, ಕಚೇರಿ ಇದ್ದಲ್ಲೇ ಇರುತ್ತವೆ. ಸಂಸಾರ ಹೂಡಿದ ಮನೆ ಮಾತ್ರ ನಡೆಯುತ್ತದೆ. ಹೊಸ್ತಿಲ ಒಳಗಿನದು ಮನೆಯ ಪಾಲು, ಹೊರಗಿನದು ಊರಿನ ಪಾಲು ಅನ್ನುವುದು ನಮ್ಮಲ್ಲಿ ಗಾದೆಯೂ ಹೌದು, ಕಾನೂನೂ ಹೌದು. ಅದಕ್ಕೇ ನಮ್ಮವರು ಚಪ್ಪಲಿಯನ್ನು ಒಳಗೇ ಬಿಡುತ್ತಾರೆ, ಒಗೆದ ಬಟ್ಟೆಯನ್ನು ನಡುಮನೆಯಲ್ಲೇ ಹಗ್ಗ ಕಟ್ಟಿ ಒಣಹಾಕುತ್ತಾರೆ. ಬೆಳಗ್ಗೆ ಹಾಕಿದ ರಂಗೋಲಿ ಸಂಜೆಗೆ ಇನ್ಯಾರದೋ ಬಾಗಿಲಲ್ಲಿರುತ್ತದೆ. ಅದನ್ನು ಯಾರೂ ತುಳಿಯುವುದಿಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದ ಬಟ್ಟಲನ್ನು ಆಗಲೇ ತೊಳೆದು ಕೊಟ್ಟುಬಿಡುತ್ತಾರೆ, ನಾಳೆಗೆ ಆ ಪಕ್ಕದ ಮನೆ ಪಕ್ಕದಲ್ಲಿರುತ್ತದೆಯೋ ಇಲ್ಲವೋ. ಹೆಣ್ಣು ಕೊಡುವವರು ಹುಡುಗನ ಕೆಲಸ ವಿಚಾರಿಸುವ ಮೊದಲು, 'ನಿಮ್ಮನೆ ಬಾಳ ನಡೀತದಾ' ಎಂದು ಕೇಳುತ್ತಾರೆ. ಹೊಸದಾಗಿ ಒಂದು ಮನೆ ಬಂದು ನಿಂತರೆ ಅಕ್ಕಪಕ್ಕದವರು ಒಂದು ಚೊಂಬು ನೀರು ಹಿಡಿದು ಹೋಗಿ ಮಾತಾಡಿಸಿ ಬರುತ್ತಾರೆ. ಇಷ್ಟೆಲ್ಲ ರೂಢಿಯಾಗಿ ಊರು ಸುಖವಾಗಿಯೇ ಇತ್ತು.

ಇಂಥ ಊರಿನಲ್ಲಿ ಯಾರ ಮನೆ ಎಲ್ಲಿದೆ ಎಂದು ಹೇಳುವುದಕ್ಕೆ ನಗರಸಭೆಯವರು 'ನೆಲೆ' ಎಂಬ ವೆಬ್‌ಸೈಟ್ ಮಾಡಿಸಿದ್ದರು. ಫೋನಿನಲ್ಲಿ ತೆರೆದು ಮನೆಯವರ ಹೆಸರು ಒತ್ತಿದರೆ ಮನೆ ಈಗ ಯಾವ ಬೀದಿಯಲ್ಲಿದೆ ಎಂದು ತೋರಿಸಿ, ಅಲ್ಲಿಗೆ ಹೋಗುವ ದಾರಿಯನ್ನು ಬಾಣದ ಗುರುತು ಹಾಕಿ ಹೇಳುತ್ತಿತ್ತು. ಅಡುಗೆ ಸಿಲಿಂಡರ್ ಬೇಕಾದವರು, ಉಸಿರಾಟಕ್ಕೆ ಆಕ್ಸಿಜನ್ ಸಿಲಿಂಡರ್ ಬೇಕಾದವರು ಅದರಲ್ಲೇ ಬುಕ್ ಮಾಡುತ್ತಿದ್ದರು. ಹಳೇ ಸುಂಕದ ಕಟ್ಟೆಯ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ವಿಭಾಗ. ವಿಭಾಗವೆಂದರೆ ಮುಖ್ಯಸ್ಥರಾದ ಮೃತ್ಯುಂಜಯ ಸರ್, ಅವರ ಕೈಕೆಳಗೆ ನಾಗವೇಣಿಯಾದ ನಾನು. ನೆಲೆಯನ್ನು ಮೊದಲಿಗೆ ಬರೆದವರು ಅವರೇ. ಬರೆದು, ಸನ್ಮಾನ ಮಾಡಿಸಿಕೊಂಡು, ಹಾಕಿದ ಶಾಲನ್ನು ಕುರ್ಚಿಯ ಬೆನ್ನಿಗೆ ಹೊದಿಸಿ, ಅದಕ್ಕೆ ಒರಗಿ ಕೂತಿದ್ದರು.

ಆ ಪ್ರೋಗ್ರಾಮಿನೊಳಗೆ ಎರಡು ಬಗೆಯ ಸುದ್ದಿ ಹರಿದು ಬರುತ್ತಿತ್ತು. ಒಂದು, ಮನೆ ಎಲ್ಲಿದೆ ಅನ್ನುವ ಸುದ್ದಿ. ಇನ್ನೊಂದು, ಆ ಬೀದಿಗೆ ಹೋಗುವ ದಾರಿಯ ಸುದ್ದಿ: ಎಲ್ಲಿ ಅಗೆದಿದ್ದಾರೆ, ಎಲ್ಲಿ ಎಮ್ಮೆ ಮಲಗಿವೆ, ಯಾವ ತಿರುವು ಹಿಡಿಯಬೇಕು. ಸುದ್ದಿ ಬೇಕೆಂದರೆ ಅದಕ್ಕೆ ಚಂದಾದಾರರಾಗಬೇಕು. ನಮ್ಮ ಕಸುಬಿನಲ್ಲಿ ಸಬ್‌ಸ್ಕ್ರೈಬ್ ಎನ್ನುತ್ತೇವೆ. ಸರ್ ಏನು ಮಾಡಿದ್ದರೆಂದರೆ, ಮೊದಲ ಸುದ್ದಿಗೆ ಚಂದಾ ಮಾಡಿ, ಅದರ ಹೊಟ್ಟೆಯೊಳಗೇ ಎರಡನೆಯ ಸುದ್ದಿಗೂ ಚಂದಾ ಮಾಡಿಟ್ಟಿದ್ದರು. ಮನೆ ಸರಿದಾಗಲೆಲ್ಲ ಹೊಸ ಬೀದಿಯ ದಾರಿಗೆ ಹೊಸ ಚಂದಾ ಶುರುವಾಗುತ್ತಿತ್ತು. ಹಳೆಯ ಬೀದಿಯದನ್ನು ಸಾಕು ಅನ್ನುವವರು ಯಾರೂ ಇರಲಿಲ್ಲ. ಹೋದಲ್ಲೆಲ್ಲ ಹೊಸ ಪೇಪರಿನವನನ್ನು ಗೊತ್ತುಮಾಡಿಕೊಂಡು ಹಳಬರಿಗೆ ಬೇಡ ಅನ್ನದೆ ಬಂದರೆ ಏನಾಗುತ್ತದೆ? ಹಳಬರೆಲ್ಲ ಹುಡುಕಿಕೊಂಡು ಬಂದು ಒಂದೇ ಬಾಗಿಲಿಗೆ ಪೇಪರ್ ಎಸೆಯುತ್ತಾರೆ. ಯಾರದು ಕೊನೆಗೆ ಬಿತ್ತೋ ಅದೇ ಫೋನಿನ ಪರದೆಯ ಮೇಲೆ. ಹಾಗಾಗಿ ಮನೆ ಕೆರೆ ಏರಿಯ ಮೇಲಿದ್ದರೂ ಕುಂಬಾರ ಬೀದಿಯಲ್ಲಿ ಒಂದು ಎಮ್ಮೆ ಎದ್ದು ನಿಂತರೆ ಸಾಕು, ಬಾಣ ಕುಂಬಾರ ಬೀದಿಯ ಕಡೆ ತಿರುಗುತ್ತಿತ್ತು.

ಇದರ ಏಟು ಮೊದಲು ಬಿದ್ದದ್ದು ಬಸಲಿಂಗಣ್ಣನಿಗೆ. ಅಡುಗೆಯದಿರಲಿ ಆಕ್ಸಿಜನ್ನಿನದಿರಲಿ, ಊರಿಗೆಲ್ಲ ಸಿಲಿಂಡರ್ ಹಾಕುವ ಟೆಂಪೋ ಅವನದು. ವಾರಕ್ಕೊಮ್ಮೆಯಾದರೂ ಮಹಡಿ ಹತ್ತಿ ಬಂದು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ.

"ತಾಯಿ, ಎಡಕ್ಕೆ ತಿರುಗು ಅಂತದೆ. ತಿರುಗ್ತೀನಿ. ತಿರುಗಿದ ಮ್ಯಾಗೆ ಬಲಕ್ಕೆ ಅಂತದೆ. ನನ್ನನ್ನ ಏನು ಗಾಣದೆತ್ತು ಅಂದ್ಕಂಡೈತಾ ನಿಮ್ಮ ನೆಲೆ?"

"ಸರಿ ಮಾಡ್ತೀವಿ ಬಸಲಿಂಗಣ್ಣ."

"ಹೋದ ಸಲಾನೂ ಹಂಗೇ ಅಂದ್ರಿ. ನನ್ನ ಡೀಸೆಲ್ಲು ಬಾಯ್ಮಾತಲ್ಲಿ ಓಡಲ್ಲ."

ಒಳಗಿನ ಕೋಣೆಯಿಂದ ಸರ್ ಕೂಗಿ ಹೇಳುತ್ತಿದ್ದರು: "ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ." ಬಸಲಿಂಗಣ್ಣ ನನ್ನ ಮುಖ ನೋಡಿ, ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ.

ಮಧ್ಯಾಹ್ನವಾಗುತ್ತಾ ಬಂದಂತೆ ನಮ್ಮ ಸರ್ವರ್ ಗಬ್ಬದ ಎಮ್ಮೆಯ ಹಾಗೆ ಏದುಸಿರು ಬಿಡುತ್ತಿತ್ತು. ಬೆಳಗಿನಿಂದ ಕೂಡಿಬಿದ್ದ ಸತ್ತ ಚಂದಾಗಳ ಭಾರ ಅದು. ನಾನು ಸರ್ ಹತ್ತಿರ ಹೋಗಿ ಹೇಳಿದೆ. "ಸರ್, ಒಳಗಿನ ಚಂದಾನ ಯಾರೂ ನಿಲ್ಲಿಸ್ತಾ ಇಲ್ಲ. ಒಂದರೊಳಗೊಂದು ಇಟ್ಟಿರೋದೇ ತಪ್ಪು."

"ಸಂಜೆ ರೀಸ್ಟಾರ್ಟ್ ಮಾಡ್ತೀವಲ್ಲಮ್ಮ. ಎಲ್ಲಾ ಒಟ್ಟಿಗೇ ನಿಲ್ಲುತ್ತೆ."

"ಸಂಜೆತನಕ ಜನ ದಾರಿ ತಪ್ಪಬೇಕಲ್ಲ ಸರ್."

"ನೋಡು ನಾಗವೇಣಿ, ಇಷ್ಟು ವರ್ಷದಿಂದ ನಡೀತಿದೆ. ನಡೀತಿರೋದನ್ನ ಮುಟ್ಟಬಾರದು. ಅದಿರಲಿ, ಸಿಲಿಂಡರ್ ಹೊರಟಿತು ಅಂತ ಮನೆಯವರ ಬೀಗರಿಗೂ ಒಂದು ಮೆಸೇಜ್ ಹೋಗೋ ಹಾಗೆ ಮಾಡು. ನಗರಸಭೆ ಅಧ್ಯಕ್ಷರು ಕೇಳಿದಾರೆ. ಆ ಒಳಗಿನ ಚಂದಾ ಇದೆಯಲ್ಲ, ಅದರೊಳಗೇ ಇನ್ನೊಂದು ಹಾಕಿಬಿಡು."

ಸಿಲಿಂಡರ್ ಹೊರಟರೆ ಬೀಗರಿಗೆ ಏನಾಗಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಕಾರಣ ಹೇಳುತ್ತಿದ್ದರು. ಆಗಲಿ ಸರ್ ಎಂದು ಬಂದು, ಮಾಡದೆ ಕೂತೆ. ಸರ್ಕಾರಿ ಕಚೇರಿಯಲ್ಲಿ ಕೆಟ್ಟ ಕೆಲಸವನ್ನು ತಡೆಯುವುದಕ್ಕೆ ಇರುವ ಒಂದೇ ದಾರಿ ಮರೆತಂತೆ ಇರುವುದು.

ಈ ಸಂಕಟವನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಇಂದ್ರಾಣಕ್ಕನ ಹತ್ತಿರ. ಇಂದ್ರಾಣಕ್ಕ ನನ್ನ ರವಿಕೆ ಹೊಲಿಯುವವಳು. ಮೊದಲು ಹತ್ತಿ ಗಿರಣಿಯಲ್ಲಿದ್ದಳು. ಅಲ್ಲಿಯ ಧೂಳು ಎದೆಗೆ ಹೊಕ್ಕು, ಈಗ ದಿನದ ಬಹುಪಾಲು ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡೇ ಹೊಲಿಯುತ್ತಿದ್ದಳು. ಗಂಡ ಲಾರಿ ಡ್ರೈವರ್, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವಳ ಮನೆಯಂಥ ತಿರುಗುಗಾಲಿನ ಮನೆ ಊರಲ್ಲಿ ಇನ್ನೊಂದಿರಲಿಲ್ಲ. ತೋಳಿನ ಅಳತೆ ಕೊಡುವಾಗ ಹುಣಸೇಮರದ ಓಣಿಯಲ್ಲಿದ್ದರೆ ಕುತ್ತಿಗೆ ಅಳತೆ ಕೊಡುವಾಗ ಸಂತೆಪೇಟೆಯಲ್ಲಿ ಇರುತ್ತಿದ್ದೆವು.

"ನಿಮ್ಮ ಸಾರೂ ನನ್ನ ಅತ್ತೇನೂ ಒಂದೇ ಜಾತಿ ಬಿಡು," ಎನ್ನುತ್ತಿದ್ದಳು ಹಲ್ಲಲ್ಲಿ ದಾರ ಕಡಿದು. "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂದ್ರೆ, ಊಟ ಆದ್ಮೇಲೆ ನೀರು ಕುಡೀರಿ ಅನ್ನೋಳು."

ನಾನು ನಗುತ್ತಿದ್ದೆ. ಅವಳು ನಗುವುದಕ್ಕೆ ಹೋಗಿ ಕೆಮ್ಮುತ್ತಿದ್ದಳು.

ಕೊನೆಗೆ ನನಗೆ ಅಪ್ಪಣೆ ಸಿಕ್ಕಿದ್ದು ಒಂದು ದಿಬ್ಬಣದಿಂದ. ನಗರಸಭೆ ಅಧ್ಯಕ್ಷರ ಮಗಳ ಮದುವೆ. ಹೊರ ಊರಿನಿಂದ ಬಂದ ಗಂಡಿನ ಕಡೆಯವರು ನೆಲೆ ನೋಡಿಕೊಂಡೇ ಹೊರಟಿದ್ದರು. ಅಧ್ಯಕ್ಷರ ಮನೆ ಅಂದು ಬೆಳಗ್ಗೆ ಸರಿದು ಮಾರಮ್ಮನ ಗುಡಿಯ ಹಿಂದೆ ಹೋಗಿ ನಿಂತಿತ್ತು. ಹಳೆಯ ಚಂದಾ ಬಾಣ ತಿರುಗಿಸಿ ದಿಬ್ಬಣವನ್ನು ಕುಂಬಾರ ಬೀದಿಯ ಖಾಲಿ ಜಾಗಕ್ಕೆ ಕಳಿಸಿತು. ಅಲ್ಲಿ ವಾಲಗದವರು ಆಡುಗಳ ಮುಂದೆ ನಿಂತು ಊದಿದರು. ಆರತಿ ಎತ್ತುವವರಿಗಾಗಿ ಕಾದರು. ಮುಹೂರ್ತ ಮೀರುವ ಹೊತ್ತಿಗೆ ಯಾರೋ ಮುದುಕಿ, "ಇಲ್ಲಿ ಮನೆ ಎಲ್ಲದಪ್ಪ, ಆಗಲೇ ಹೊಂಟೋಯ್ತು," ಎಂದು ಕೈ ತೋರಿಸಿದಳಂತೆ.

ಮಾರನೆಯ ದಿನ ಅಧ್ಯಕ್ಷರ ಕೋಣೆಯಿಂದ ಹಿಂದಿರುಗಿದ ಸರ್ ಬಹಳ ಹೊತ್ತು ನೀರು ಕುಡಿದರು. ಆಮೇಲೆ ನನ್ನನ್ನು ಕರೆದು, "ಅದೇನೋ ಹೇಳ್ತಿದ್ದೆಯಲ್ಲ, ಮಾಡು," ಎಂದರು.

ಮಾಡಿದೆ. ಒಂದರೊಳಗೊಂದು ತುರುಕಿದ್ದ ಚಂದಾಗಳನ್ನು ಬಿಡಿಸಿ ಒಂದೇ ಹರಿವು ಮಾಡಿದೆ. ಮನೆಯ ಸುದ್ದಿ ಬಂದೊಡನೆ ಅದು ದಾರಿಯ ಸುದ್ದಿಗೆ ತಿರುಗಬೇಕು. ಹೊಸ ಬೀದಿ ಬಂದೊಡನೆ ಹಳೆಯ ಬೀದಿಯನ್ನು ಅಲ್ಲೇ ಕೈಬಿಡಬೇಕು. ಎಲ್ಲಾ ಮುಗಿದು ತುದಿಯಲ್ಲಿ ಒಂದೇ ಒಂದು ಚಂದಾ. ನೋಡುವವರು ಫೋನ್ ಮುಚ್ಚಿದರೆ ಅದೂ ಮುಗಿಯಿತು. ಇದಕ್ಕೆ ಸ್ವಿಚ್‌ಮ್ಯಾಪ್ ಎಂದು ಹೆಸರು. ನಾನು ಕಂಡುಹಿಡಿದದ್ದೇನಲ್ಲ, ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದು, ಗೊತ್ತಿರಬೇಕಾದದ್ದು. ಸರ್ವರ್ ಏದುಸಿರು ನಿಲ್ಲಿಸಿತು. ಬಸಲಿಂಗಣ್ಣ ಮಹಡಿ ಹತ್ತುವುದು ಬಿಟ್ಟ. ಒಂದು ದಿನ ಕೆಳಗಿನಿಂದಲೇ ಹಾರ್ನ್ ಹೊಡೆದು, ನಾನು ಕಿಟಕಿಗೆ ಬಂದರೆ, ಟೆಂಪೋದೊಳಗಿಂದ ಕೈಯೆತ್ತಿ ಮುಗಿದು ಹೋದ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಮೃತ್ಯುಂಜಯ ಸರ್ ಆ ಮಂತ್ರಕ್ಕೆ ಮರುಳಾದರು. ಮೊದಲು ಬೇಡವೇ ಬೇಡ ಎಂದಿದ್ದ ಮನುಷ್ಯ ಈಗ ಅಧ್ಯಕ್ಷರ ಮುಂದೆ, ಟೀ ತರುವವನ ಮುಂದೆ, ಎಲ್ಲರ ಮುಂದೆ 'ಹೊಸದು ಬಂದರೆ ಹಳೆಯದನ್ನು ಬಿಡಬೇಕು, ಅದೇ ನಮ್ಮ ಸಿದ್ಧಾಂತ' ಎಂದು ಹೇಳತೊಡಗಿದರು. ಒಂದು ಸಂಜೆ ನನ್ನ ಮೇಜಿಗೇ ಬಂದರು.

"ಬುಕಿಂಗಿನಲ್ಲೂ ಒಂದರೊಳಗೊಂದು ಚಂದಾ ಇದೆ, ನೋಡಿದೆಯಾ? ಅಲ್ಲೂ ಸ್ವಿಚ್ ಹಾಕಿಬಿಡು."

"ಅಲ್ಲಿ ಹಾಕಬಾರದು ಸರ್."

"ಯಾಕೆ? ತಪ್ಪು ಅಂದವಳು ನೀನೇ ತಾನೆ?"

"ಒಂದರೊಳಗೊಂದು ಇಡೋದು ತಪ್ಪೇ. ಬಿಡಿಸೋಣ. ಆದರೆ ಸ್ವಿಚ್ ಬೇಡ. ದಾರಿ ಹೇಳೋದಾದ್ರೆ ಹಳೇದನ್ನ ಮರೀಬೇಕು. ಇದು ಜನ ಕೇಳಿದ್ದು ಸರ್. ಎರಡನೆಯವರು ಕೇಳಿದ್ರು ಅಂತ ಮೊದಲನೆಯವರದನ್ನ ಅರ್ಧಕ್ಕೆ ಬಿಟ್ಟರೆ ಹೇಗೆ? ಒಂದಾದ ಮೇಲೆ ಒಂದು ಮುಗಿಸಬೇಕು. ಅದಕ್ಕೆ ಬೇರೆ ವಿಧಾನ ಇದೆ. ಸೋಮವಾರ ಬಂದು ಮಾಡ್ತೀನಿ, ಅಕ್ಕನ ಮಗಳ ನಿಶ್ಚಿತಾರ್ಥ ಮುಗಿಸ್ಕೊಂಡು."

"ಆಗಲಿ, ಆಗಲಿ," ಎಂದರು ಸರ್. ಅದು ನಾನು ಅವರಿಗೆ ಹೇಳುತ್ತಿದ್ದ 'ಆಗಲಿ ಸರ್' ಇದ್ದ ಹಾಗೇ ಇತ್ತು. ನನಗೆ ಅನುಮಾನ ಬರಬೇಕಿತ್ತು.

ನಾನು ರಜೆಯಲ್ಲಿದ್ದಾಗ ಅವರೇ ಕೂತು ಬದಲಿಸಿದರು. ಬದಲಿಸಿ, ತಮ್ಮ ಹೆಸರಿನಲ್ಲೇ ಒಂದು ಸಿಲಿಂಡರ್ ಬುಕ್ ಮಾಡಿ ನೋಡಿದರು. ಬಂತು. ಇನ್ನೊಂದು ಸಲ ನೋಡಿದರು, ಅದೂ ಬಂತು. ಭಾನುವಾರ ಊರಿಗೆ ಊರೇ ಸುಮ್ಮನಿರುವ ಹೊತ್ತು. ಆ ಹೊತ್ತಿಗೆ ಬುಕ್ ಮಾಡಿದವರು ಅವರೊಬ್ಬರೇ.

ಸೋಮವಾರ ಬೆಳಗ್ಗೆ ಗಾಳಿ ಎದ್ದಿತ್ತು. ಗಾಳಿ ಎದ್ದರೆ ನಮ್ಮೂರಿನ ಮನೆಗಳಿಗೆ ಹುಚ್ಚು. ಅರ್ಧ ಊರು ಜಾಗ ಬದಲಿಸಿತ್ತು. ಹೊಸ್ತಿಲ ಹೊರಗೆ ಸಿಲಿಂಡರ್ ಇಟ್ಟ ಅಜಾಗರೂಕರೆಲ್ಲ ಅದನ್ನು ಹಳೆಯ ಜಾಗದಲ್ಲಿ ಬಿಟ್ಟುಬಂದು, ಒಲೆ ಹತ್ತದೆ, ಹೊಸದು ಬುಕ್ ಮಾಡಲು ಫೋನ್ ಹಿಡಿದಿದ್ದರು. ನಾನು ಕಚೇರಿಯ ಬೀಗ ತೆಗೆಯುವ ಮೊದಲೇ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು.

"ಬೆಳಗಿಂದ ಕಾಯ್ತಾ ಇದೀವಿ. ಸ್ವೀಕರಿಸಲಾಗಿದೆ ಅಂತ ಬಂತು. ಸಿಲಿಂಡರ್ ಬರಲಿಲ್ಲ." ಒಬ್ಬರಲ್ಲ, ಇಬ್ಬರಲ್ಲ, ಇಟ್ಟರೆ ಮತ್ತೆ ಅದೇ ಮಾತು. ಅಷ್ಟರಲ್ಲಿ ಬಸಲಿಂಗಣ್ಣ ಮಹಡಿ ಹತ್ತಿ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಏನು ತಾಯಿ, ಇವತ್ತು ಊರಿಗೆಲ್ಲ ಉಪವಾಸವಾ? ತುಂಬಿದ ಗಾಡಿ ಮರದ ಕೆಳಗೆ ನಿಂತೈತೆ. ಎಲ್ಲೋ ಒಂದೊಂದು ಬುಕಿಂಗ್ ಬತ್ತದೆ, ಅಷ್ಟೇ."

ಕಂಪ್ಯೂಟರ್ ತೆರೆದು ನೋಡಿದೆ. ನೋಡುವುದಕ್ಕೇನಿತ್ತು, ಬರೆದದ್ದು ಎದುರಿಗೇ ಇತ್ತು. ಒಬ್ಬರು ಬುಕ್ ಮಾಡಿದರೆ ಸ್ವೀಕರಿಸಲಾಗಿದೆ ಎಂದು ಅವರಿಗೆ ಹೇಳಿ, ಗಾಡಿ ಗೊತ್ತುಮಾಡಲು ಹೊರಡುತ್ತಿತ್ತು. ಅದು ಮುಗಿಯುವ ಮೊದಲೇ ಇನ್ನೊಬ್ಬರು ಬುಕ್ ಮಾಡಿದರೆ, ಮೊದಲನೆಯವರದನ್ನು ಅಲ್ಲೇ ಬಿಟ್ಟು ಇವರ ಹಿಂದೆ ಓಡುತ್ತಿತ್ತು. ಅವರನ್ನು ಬಿಟ್ಟು ಮೂರನೆಯವರ ಹಿಂದೆ. ಬಿಟ್ಟದ್ದರ ಗುರುತು ಎಲ್ಲೂ ಇಲ್ಲ. ತಪ್ಪಾಯಿತು ಎಂದು ಒಂದು ಕೆಂಪು ಅಕ್ಷರವೂ ಇಲ್ಲ. ಕೇಳಿದವರಿಗೆ ಮಾತ್ರ ಮಾತು ಕೊಟ್ಟಾಗಿದೆ.

ಅಡುಗೆಗೆ ಒಂದು ಹೊತ್ತು ತಡವಾದರೆ ಜನ ಬೈಯುತ್ತಾರೆ, ಅವಲಕ್ಕಿ ತಿನ್ನುತ್ತಾರೆ. ಬುಕ್ ಮಾಡುವವರಲ್ಲಿ ಬೇರೆಯವರೂ ಇದ್ದಾರೆ ಎಂದು ನೆನಪಾಗಿ ಇಂದ್ರಾಣಕ್ಕನಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ರಿಂಗಾಯಿತು. ಎತ್ತಿಕೊಂಡಾಗ ಮಾತಿಗಿಂತ ಮೊದಲು ಉಸಿರು ಕೇಳಿಸಿತು, ಹರಿದ ಚೀಲದಲ್ಲಿ ಗಾಳಿ ಆಡಿದ ಹಾಗೆ.

"ಬಂದ್ರಾ?" ಎಂದಳು.

"ಅಕ್ಕಾ, ಸಿಲಿಂಡರ್ ಇದೆಯಾ ನಿನ್ನ ಹತ್ರ?"

"ತುಂಬಿದ್ದು... ಜಗಲಿ ಮೇಲಿತ್ತು. ನಿನ್ನೆ ಇಳಿಸಿ ಹೋಗಿದ್ರು. ಒಳಗೆ ಎಳೆಯಕ್ಕೆ ಆಗಲಿಲ್ಲ. ಮನೆ ಬಂತು... ಅದು ಅಲ್ಲೇ ಉಳೀತು. ಬೇರೆ ಬುಕ್ ಮಾಡಿದೀನಿ. ಸ್ವೀಕರಿಸಲಾಗಿದೆ ಅಂತ ಬಂತು. ಅದಕ್ಕೇ... ಯಾರಿಗೂ ಹೇಳಲಿಲ್ಲ."

ಅದಕ್ಕೇ ಯಾರಿಗೂ ಹೇಳಲಿಲ್ಲ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಬರುತ್ತದೆ ಎಂದು ನಾವು ಹೇಳದೆ ಇದ್ದಿದ್ದರೆ ಅವಳು ಕಿಟಕಿಯಲ್ಲಿ ನಿಂತು ಹಾದಿಯಲ್ಲಿ ಹೋಗುವವರನ್ನಾದರೂ ಕೂಗುತ್ತಿದ್ದಳು. ನಾವು ಹೇಳಿದ್ದೆವು; ಅವಳು ನಂಬಿ ಕೂತಿದ್ದಳು.

ನಾನು ಬಸಲಿಂಗಣ್ಣನ ಹಿಂದೆ ಮೆಟ್ಟಿಲಿಳಿದು ಓಡಿದೆ. ಟೆಂಪೋ ಹತ್ತಿ ನೆಲೆ ತೆರೆದೆ. ಇಂದ್ರಾಣಕ್ಕನ ಮನೆ ಉಪ್ಪಿನ ಮಾಳದಲ್ಲಿತ್ತು. ಗಾಡಿ ಸೇತುವೆ ದಾಟುವಷ್ಟರಲ್ಲಿ ಬಾಣ ಮಿಟುಕಿ ತಿರುಗಿತು. ಮನೆ ಸರಿದು ಸಂತೆಪೇಟೆಯ ಹಿಂಭಾಗಕ್ಕೆ ಹೋಗಿತ್ತು. ಬಸಲಿಂಗಣ್ಣ ಗಾಡಿ ತಿರುಗಿಸಿದ. ಹಿಂದಿನಂತೆ ಕುಂಬಾರ ಬೀದಿ ಬಾಣಕ್ಕೆ ಅಡ್ಡ ಬರಲಿಲ್ಲ, ಉಪ್ಪಿನ ಮಾಳ ಮತ್ತೆ ತಲೆಹಾಕಲಿಲ್ಲ. ಹಿಂದೆ ಕಬ್ಬಿಣದ ಸಿಲಿಂಡರುಗಳು ಒಂದಕ್ಕೊಂದು ತಾಗಿ ಗಂಟೆ ಬಾರಿಸುತ್ತಿದ್ದವು.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ನಾನು ಎಂದೂ ಕಾಣದ ಹೆಂಗಸೊಬ್ಬಳು ಇಂದ್ರಾಣಕ್ಕನನ್ನು ಎದೆಗೆ ಒರಗಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಸಂತೆಪೇಟೆಯಲ್ಲಿ ಬೆಲ್ಲದ ಮಂಡಿಯ ಪಕ್ಕದ ಮನೆಯವಳಂತೆ, ಜುಬೇದಾ ಎಂದು ಹೆಸರು. ಹೊಸ ಮನೆ ಬಂತು ಎಂದು ಚೊಂಬಿನಲ್ಲಿ ನೀರು ತಂದವಳು ಇದನ್ನು ಕಂಡು, ನೀರಿನ ಕೈಯಲ್ಲೇ ಅವಳ ಮುಖ ಒರೆಸಿ, ಬಗ್ಗಿಸಬಾರದು ಎಂದು ನೆಟ್ಟಗೆ ಹಿಡಿದು ಕೂತಿದ್ದಳು. ಇಂದ್ರಾಣಕ್ಕನ ತುಟಿ ನೇರಳೆ ಹಣ್ಣು ತಿಂದವರ ತುಟಿಯಾಗಿತ್ತು. ಬಸಲಿಂಗಣ್ಣ ಸಿಲಿಂಡರನ್ನು ಹೆಗಲ ಮೇಲೇ ಹೊತ್ತು ತಂದು ನಿಲ್ಲಿಸಿ ಕೀಲಿ ತಿರುಗಿಸಿದ. ನಳಿಕೆ ಮೂಗಿಗೆ ಇಟ್ಟೆವು. ಗಾಳಿ ಸಣ್ಣಗೆ ಸುಯ್ಯೆನ್ನುತ್ತಾ ಒಳಗೆ ಹೋಗತೊಡಗಿತು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ನಿನ್ನ ನೀಲಿ ರವಿಕೆ... ತೋಳು ಇನ್ನೂ ಹಾಕಿಲ್ಲ," ಎಂದಳು.

ಅವಳನ್ನು ಅದೇ ಟೆಂಪೋದಲ್ಲಿ ಆಸ್ಪತ್ರೆಗೆ ಸೇರಿಸಿ, ಜುಬೇದಾಳನ್ನು ಜೊತೆಗೆ ಕೂರಿಸಿ, ನಾನು ಕಚೇರಿಗೆ ಬಂದೆ. ಸರ್ ತಮ್ಮ ಕೋಣೆಯಲ್ಲಿ ಫೋನುಗಳಿಗೆ ಉತ್ತರ ಕೊಡುತ್ತಾ ಕೂತಿದ್ದರು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅವರ ಮುಖ ನೋಡಿ ಬಾಯಿಗೆ ಬರಲಿಲ್ಲ. ನಡೆದದ್ದನ್ನು ಹೇಳಿದೆ.

"ನಾನು ಬುಕ್ ಮಾಡಿ ನೋಡಿದ್ದೆನಮ್ಮ," ಎಂದರು. "ಬಂದಿತ್ತು."

"ಒಬ್ಬರೇ ಕರೆದರೆ ಬರುತ್ತೆ ಸರ್. ಊರಲ್ಲಿ ಇರೋದು ಒಬ್ಬರೇ ಅಲ್ಲ."

ನಾನು ನನ್ನ ಮೇಜಿಗೆ ಹೋಗಿ, ಅವರು ಬರೆದದ್ದನ್ನು ತೆಗೆದು, ಒಂದು ಬುಕಿಂಗ್ ಮುಗಿದ ಮೇಲೆ ಇನ್ನೊಂದನ್ನು ಹಿಡಿಯುವ ಹಾಗೆ ಬರೆದೆ. ಅದಕ್ಕೆ ಕಾನ್‌ಕ್ಯಾಟ್‌ಮ್ಯಾಪ್ ಎಂದು ಹೆಸರು, ನಮ್ಮ ಕಸುಬಿನ ಪುಸ್ತಕದಲ್ಲಿ ಸ್ವಿಚ್‌ಮ್ಯಾಪಿನ ಪಕ್ಕದ ಪುಟದಲ್ಲೇ ಇರುವ ವಿಧಾನ. ಬಂದವರು ಬಂದ ಹಾಗೆ ಸಾಲಿನಲ್ಲಿ ನಿಲ್ಲಬೇಕು, ಮುಂದಿನವರ ಕೆಲಸ ಆಗುವವರೆಗೆ ಹಿಂದಿನವರು ಕಾಯಬೇಕು, ಯಾರನ್ನೂ ಕೈಬಿಡುವಂತಿಲ್ಲ. ಆಕ್ಸಿಜನ್ನಿನವರಿಗೆ ಬೇರೆಯೇ ಸಾಲು ಮಾಡಿದೆ. ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದೇ ನನ್ನನ್ನು ಮತ್ತಷ್ಟು ರೇಗಿಸಿತು.

ಉಳಿದದ್ದು, ಬೆಳಗಿನಿಂದ ಬಿಟ್ಟುಹೋದ ಬುಕಿಂಗುಗಳು. ಅವು ಯಾರವು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಸರ್ ಎದ್ದು, ಶಾಲು ಅಲ್ಲೇ ಬಿಟ್ಟು, ಆರೋಗ್ಯ ವಿಭಾಗದಿಂದ ಲಸಿಕೆಯ ಸುದ್ದಿ ಸಾರುವ ಮೈಕು ಇಸಿದುಕೊಂಡು ಬಸಲಿಂಗಣ್ಣನ ಟೆಂಪೋದಲ್ಲಿ ಕೂತರು. ಆ ಮಧ್ಯಾಹ್ನವೆಲ್ಲ ಬೀದಿಬೀದಿಯಲ್ಲಿ ಅವರ ದನಿ ಕೇಳಿಸಿತು: "ಬೆಳಗ್ಗೆ ಸಿಲಿಂಡರ್ ಬುಕ್ ಮಾಡಿದವರು ದಯವಿಟ್ಟು ಹೊರಗೆ ಬಂದು ಹೇಳಬೇಕು. ತಪ್ಪು ನಮ್ಮದು." ಜನ ಬಾಗಿಲಿಗೆ ಬಂದು ಬೈದರು, ಸಿಲಿಂಡರ್ ಇಳಿಸಿಕೊಂಡರು. ಒಬ್ಬಳು ಬೈಯುತ್ತಲೇ ಮಜ್ಜಿಗೆ ಕೊಟ್ಟಳು ಎಂದು ಬಸಲಿಂಗಣ್ಣ ಆಮೇಲೆ ಹೇಳಿದ. ಸಂಜೆಗೆ ಸರ್ ಗಂಟಲು ಕಟ್ಟಿಹೋಗಿ, ಮಾತು ನಿಂತುಹೋಗಿತ್ತು. ನಮ್ಮ ಕಚೇರಿಯಲ್ಲಿ ಅಂಥ ಶಾಂತಿ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಇಂದ್ರಾಣಕ್ಕ ಮನೆಗೆ ಬಂದ ಮೇಲೆ ಸರ್ ತಾವೇ, "ಅವರನ್ನ ನೋಡಬೇಕಿತ್ತು, ಕರಕೊಂಡು ಹೋಗ್ತೀಯಾ?" ಎಂದು ಕೇಳಿದರು. ಎಳನೀರು, ಬಾಳೆಹಣ್ಣು ಹಿಡಿದು ನನ್ನ ಹಿಂದೆ ಬಂದರು. ಚಪ್ಪಲಿಯನ್ನು ಒಳಗೆ ಬಿಡುವುದೋ ಹೊರಗೋ ಎಂದು ಬಾಗಿಲಲ್ಲಿ ತಡವರಿಸಿದರು. ಇಂದ್ರಾಣಕ್ಕ ಮೆಷಿನ್ನಿನ ಮುಂದೆ ಕೂತು ಹೊಲಿಯುತ್ತಿದ್ದಳು. ಸರ್ ಕ್ಷಮೆ ಕೇಳುವುದಕ್ಕೆ ಬಾಯಿ ತೆರೆದು, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, "ಇದು ಯಾವ ಕಂಪನಿಯ ಮೆಷಿನ್ನು?" ಎಂದು ಕೇಳಿದರು.

"ಮೆಷಿನ್ನಿಗೆ ಏನೂ ಆಗಿಲ್ಲ ಸಾರ್. ಕೂತ್ಕೊಳ್ಳಿ," ಎಂದಳು ಇಂದ್ರಾಣಕ್ಕ.

ಅವರು ಕೂತರು. ಕಾಫಿ ಕುಡಿಯುವಷ್ಟರಲ್ಲಿ ತಪ್ಪಾಯಿತು ಅನ್ನುವುದನ್ನು ಹೇಗೋ ಹೇಳಿದರು. ಇಂದ್ರಾಣಕ್ಕ ಪರವಾಗಿಲ್ಲ ಎನ್ನಲಿಲ್ಲ. "ಆ ಹೊತ್ತು ಬಾಳ ಹೆದರಿಕೆ ಆಯ್ತು ಸಾರ್," ಎಂದಳು, ಅಷ್ಟೇ. ಸರ್ ಲೋಟ ಹಿಡಿದುಕೊಂಡು ತಲೆ ತಗ್ಗಿಸಿ ಕೂತರು. ಕಿಟಕಿಯ ಬೆಳಕು ಆಗ ಸ್ವಲ್ಪ ಬದಲಾಯಿತು. ತಲೆಯೆತ್ತಿ ನೋಡಿದರೆ ಎದುರಿಗೆ ನೀಲಗಿರಿ ತೋಪು.

ಹೊರಗೆ ಬಂದಾಗ ಸರ್ ಮುಖ ಬಿಳಿಚಿತ್ತು. "ಈಗ ನಾವು ಎಲ್ಲಿದ್ದೀವಿ?"

"ನೆಲೆ ತೆಗೀರಿ ಸರ್, ಗೊತ್ತಾಗುತ್ತೆ."

ಅವರು ಫೋನ್ ತೆಗೆದು, ಕಣ್ಣು ಕಿರಿದು ಮಾಡಿ, ಅಲ್ಲಿ ಇಲ್ಲಿ ಒತ್ತಿ, ಕೊನೆಗೆ ನನ್ನ ಕೈಗೆ ಕೊಟ್ಟರು. ಅದರಲ್ಲಿ ನೆಲೆ ಒಂದು ಸಲವೂ ತೆರೆದದ್ದೇ ಇರಲಿಲ್ಲ. ಅವರ ಸಂಸಾರ ಇರುವುದು ಅವರ ತಂದೆಯ ಪಾತ್ರೆ ಅಂಗಡಿಯ ಮಹಡಿಯ ಮೇಲಂತೆ. ಅಂಗಡಿ ಕದಲುವುದಿಲ್ಲ, ಆದ್ದರಿಂದ ಮೇಲಿನ ಮನೆಯೂ ಕದಲುವುದಿಲ್ಲ. ಮನೆಯಿಂದ ಕಚೇರಿಗೆ ಒಂದೇ ದಾರಿ, ಹುಟ್ಟಿದಾಗಿನಿಂದ ಅದೇ. "ನನಗೆ ಬೇಕಾಗಲಿಲ್ಲಮ್ಮ," ಎಂದರು. ಇಷ್ಟು ವರ್ಷ ಊರಿಗೆ ದಾರಿ ಹೇಳುವ ಪ್ರೋಗ್ರಾಂ ಬರೆದ ಮನುಷ್ಯ ಅದನ್ನು ಹಿಡಿದು ಒಂದು ಓಣಿಯನ್ನೂ ದಾಟಿರಲಿಲ್ಲ. ಆ ನೀಲಗಿರಿ ತೋಪಿನ ಮುಂದೆ ನಿಂತು ನನಗೆ ನಗಬೇಕೋ ಕೂಗಾಡಬೇಕೋ ತಿಳಿಯಲಿಲ್ಲ.

ನೆಲೆ ತೆರೆದು, ಅವರ ಹೆಸರನ್ನೇ ಒತ್ತಿ, ಫೋನನ್ನು ಅವರ ಕೈಗೇ ಕೊಟ್ಟೆ. ನಾನು ಮುಂದೆ ಹೋಗಲಿಲ್ಲ. ಅವರು ಅದನ್ನು ತೀರ್ಥದ ಬಟ್ಟಲಿನ ಹಾಗೆ ಎರಡು ಕೈಯಲ್ಲಿ ಹಿಡಿದು, ಬಾಣ ತೋರಿಸಿದ ಕಡೆ ಹೆಜ್ಜೆ ಇಟ್ಟರು. ಮೊದಲ ತಿರುವಿನಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಎಡಕ್ಕೆ ಅಂತಿದೆ. ಇದು ಸರಿ ತಾನೆ?"

"ಸರಿ ಸರ್."

ಇನ್ನೊಂದು ತಿರುವಿನಲ್ಲಿ ಮತ್ತೆ ನಿಂತರು. "ಇದನ್ನ ನಂಬಬಹುದಾ ನಾಗವೇಣಿ?"

ಬಿಸಿಲು ನೆತ್ತಿಗೆ ಬಂದಿತ್ತು. ಎಳನೀರಿನವರೂ ಗಾಡಿ ಮುಚ್ಚಿ ಮಲಗುವ ಹೊತ್ತು. ದಾರಿ ಇನ್ನೂ ಬಹಳವಿತ್ತು. "ಊರೆಲ್ಲಾ ನಂಬಿದೆ ಸರ್," ಎಂದೆ. "ನೀವೂ ನಡೀರಿ."